ಬೆರಳಿನ ಆಕ್ಸಿಮೀಟರ್ ಅಂಕೆ ಅನುಮಾನ ತಂದಾಗ: ದೋಷ ಬೆಳಕಿನದೋ, ಚರ್ಮದ್ದೋ, ಯಂತ್ರದ್ದೋ?

ಮೈಸೂರು, ಮಂಡ್ಯ ಕಡೆಯ ಬಹಳಷ್ಟು ಮನೆಗಳಲ್ಲಿ 2020–21ರ ಕೊರೊನಾ ಕಾಲದಲ್ಲಿ ಕೊಂಡ, ರಕ್ತದ ಆಮ್ಲಜನಕದ ಮಟ್ಟವನ್ನು ನೂರಕ್ಕೆ ಎಷ್ಟೆಂದು ತೋರಿಸುವ ಬೆರಳಿನ ಆಕ್ಸಿಮೀಟರ್ ಇನ್ನೂ ಬೀರುವಿನಲ್ಲೋ ಔಷಧಿಯ ಡಬ್ಬಿಯಲ್ಲೋ ಉಳಿದಿದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಜೋರಾದ ರಾತ್ರಿ ಅದು ಹೊರಗೆ ಬರುತ್ತದೆ. ಅದು ತೋರಿಸುವ ಅಂಕೆಯನ್ನು ಕಂಡು ಮನೆಯವರು ಒಂದೋ ಗಾಬರಿಯಾಗುತ್ತಾರೆ, ಇಲ್ಲವೇ ಇಲ್ಲದ ಧೈರ್ಯ ತಂದುಕೊಳ್ಳುತ್ತಾರೆ. ವೈದ್ಯಕೀಯ ಉಪಕರಣಗಳ ರಿಪೇರಿಗಾಗಿ ಈ ಎರಡು ಜಿಲ್ಲೆಗಳಲ್ಲಿ ಓಡಾಡುವ ನನ್ನ ಕೈಗೆ ‘ಕೆಟ್ಟುಹೋಗಿದೆ’ ಎಂಬ ಮಾತಿನೊಂದಿಗೆ ಬರುವ ಆಕ್ಸಿಮೀಟರ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ದೋಷವಿರುವುದು ಬೆಳಕು ಚರ್ಮವನ್ನು ಹಾದುಬರುವ ದಾರಿಯಲ್ಲಿ. ಆ ದಾರಿಯನ್ನು ಅರಿತವರು ಮುಕ್ಕಾಲು ಪಾಲು ತೊಂದರೆಗಳನ್ನು ಒಂದು ತುಂಡು ಹತ್ತಿ, ಸ್ವಲ್ಪ ಬಿಸಿನೀರು ಮತ್ತು ಒಂದು ನಿಮಿಷದ ತಾಳ್ಮೆಯಿಂದಲೇ ಪತ್ತೆ ಮಾಡಬಹುದು. ಉಳಿದ ಕಾಲು ಪಾಲು ಮಾತ್ರ ನಿಜವಾಗಿಯೂ ಅಪಾಯದ್ದು, ಮತ್ತು ಅದರಲ್ಲಿ ಯಂತ್ರದ ತಪ್ಪು ಬಹಳ ಸಲ ಏನೂ ಇರುವುದಿಲ್ಲ.

ಯಂತ್ರವನ್ನು ಪರೀಕ್ಷಿಸುವ ಮುನ್ನ ಮನುಷ್ಯನನ್ನು ನೋಡಿ

ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಷ್ಟು ಏದುಸಿರು, ಎದೆಯಲ್ಲಿ ನೋವು ಅಥವಾ ಬಿಗಿತ, ಕರೆದರೆ ಸರಿಯಾಗಿ ಓಗೊಡದಷ್ಟು ಮಂಪರು, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ತುಟಿ ಅಥವಾ ನಾಲಿಗೆ ನೀಲಿಗಟ್ಟುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಪರದೆಯ ಮೇಲೆ 98 ಇರಲಿ, 78 ಇರಲಿ, ಮೊದಲು 108ಕ್ಕೆ ಕರೆ ಮಾಡಬೇಕು. ಆ ಹೊತ್ತಿನಲ್ಲಿ ಸೆಲ್ ಬದಲಿಸುತ್ತ, ಬೆರಳು ಬದಲಿಸುತ್ತ ಕೂರಬಾರದು. ಕಪ್ಪು ಮೈಬಣ್ಣದವರಲ್ಲಿ ನೀಲಿ ಛಾಯೆ ಮುಖದ ಮೇಲೆ ಸುಲಭವಾಗಿ ಗೊತ್ತಾಗುವುದಿಲ್ಲವಾದ್ದರಿಂದ ನಾಲಿಗೆ, ಒಸಡು ಮತ್ತು ತುಟಿಯ ಒಳಭಾಗವನ್ನು ಬಿಳಿ ದೀಪದ ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನಡಿ ಆ ಛಾಯೆ ಮರೆಯಾಗುತ್ತದೆ.

ಲಕ್ಷಣಗಳಿಲ್ಲದೆ ಅಂಕೆಯೊಂದೇ ಕಡಿಮೆ ಕಂಡರೆ ಮುಂದಿನ ಪರೀಕ್ಷೆಗಳಿಗೆ ಐದು ನಿಮಿಷ ಕೊಡಬಹುದು. ಆರೋಗ್ಯವಂತ ವಯಸ್ಕರಲ್ಲಿ ಈ ಅಂಕೆ ಸಾಮಾನ್ಯವಾಗಿ 95ರಿಂದ 100ರ ನಡುವೆ ಇರುತ್ತದೆ. ಸರಿಯಾಗಿ ಅಳೆದ ಮೇಲೂ 94ಕ್ಕಿಂತ ಕೆಳಗೇ ನಿಂತರೆ ಅಂದೇ ವೈದ್ಯರನ್ನು ಕಾಣಬೇಕು, 90ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಬೀಡಿ, ಸಿಗರೇಟಿನಿಂದಲೋ ಒಲೆಯ ಹೊಗೆಯಿಂದಲೋ ಬಂದ ಹಳೆಯ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ವೈದ್ಯರೇ 88ರಿಂದ 92 ಸಾಕೆಂದು ಹೇಳಿರುತ್ತಾರೆ. ಅಂಥವರು ತಮಗೆ ಹೇಳಿದ ಅಂಕೆಯನ್ನೇ ಅನುಸರಿಸಬೇಕು.

ಬೆಳಕು ಬೆರಳನ್ನು ಹಾಯುವ ಬಗೆ

ಕರೆಂಟ್ ಹೋದ ರಾತ್ರಿ ಮಕ್ಕಳು ಟಾರ್ಚಿನ ಬಾಯಿಗೆ ಬೆರಳು ಒತ್ತಿ ಹಿಡಿದು ನೋಡುವುದುಂಟು. ಟಾರ್ಚಿನದು ಬಿಳಿ ಬೆಳಕು, ಆದರೆ ಬೆರಳಿನಿಂದ ಹೊರಬರುವುದು ಕೆಂಪು ಮಾತ್ರ. ನೀಲಿ ಮತ್ತು ಹಸಿರು ಬೆಳಕನ್ನು ಹೊರಚರ್ಮದ ಮೆಲನಿನ್ ಎಂಬ ಕಪ್ಪು ವರ್ಣಕವೂ ಒಳಗಿನ ರಕ್ತವೂ ಬಹುಪಾಲು ಹೀರಿಬಿಡುತ್ತವೆ. ಒಳಚರ್ಮದ ಕೊಲಾಜನ್ ನಾರುಗಳು ಉಳಿದ ಬೆಳಕನ್ನು ಅತ್ತಿತ್ತ ಚದುರಿಸುತ್ತವೆ. ಬೆರಳಿನೊಳಗಿನ ಎಲುಬಿನ ನೆರಳು ಟಾರ್ಚಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣದೆ ಇಡೀ ಬೆರಳು ಕೆಂಡದಂತೆ ಹೊಳೆಯುವುದಕ್ಕೆ ಈ ಚದುರುವಿಕೆಯೇ ಕಾರಣ. ಕೆಂಪು ಮತ್ತು ಅದರಾಚೆಗಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಮಾತ್ರ ಇಷ್ಟೆಲ್ಲ ದಾಟಿ ಆಚೆ ಬರುತ್ತದೆ.

ಆಕ್ಸಿಮೀಟರ್ ಈ ಕಿಂಡಿಯನ್ನೇ ಬಳಸಿಕೊಳ್ಳುತ್ತದೆ. ಅದರ ಒಂದು ದವಡೆಯಲ್ಲಿ ಸುಮಾರು 660 ನ್ಯಾನೊಮೀಟರ್ ಅಲೆಯುದ್ದದ ಕೆಂಪು ದೀಪ ಮತ್ತು ಸುಮಾರು 940 ನ್ಯಾನೊಮೀಟರ್‌ನ ಅವಕೆಂಪು ದೀಪ ಇರುತ್ತವೆ; ಎದುರಿನ ದವಡೆಯಲ್ಲಿ ಬೆಳಕನ್ನು ಅಳೆಯುವ ಸೆನ್ಸರ್ ಇರುತ್ತದೆ. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರಿ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಇದಕ್ಕೆ ತದ್ವಿರುದ್ಧ. ಚರ್ಮ, ಮಾಂಸ, ಎಲುಬು ಹೀರುವ ಬೆಳಕು ಕ್ಷಣದಿಂದ ಕ್ಷಣಕ್ಕೆ ಬದಲಾಗುವುದಿಲ್ಲ. ನಾಡಿ ಮಿಡಿದಾಗ ಬೆರಳಿಗೆ ನುಗ್ಗುವ ರಕ್ತದಿಂದಾಗಿ ಮಾತ್ರ ಬೆಳಕು ಏರಿಳಿಯುತ್ತದೆ. ಸೆನ್ಸರ್ ಮುಟ್ಟಿದ ಒಟ್ಟು ಬೆಳಕಿನಲ್ಲಿ ಈ ಏರಿಳಿತ ನೂರಕ್ಕೆ ಒಂದೆರಡು ಪಾಲು ಮಾತ್ರ, ಕೈ ತಣ್ಣಗಿದ್ದರೆ ಅದಕ್ಕಿಂತಲೂ ಕಡಿಮೆ. ಯಂತ್ರ ಲೆಕ್ಕ ಹಾಕುವುದು ಆ ಸಣ್ಣ ಪಾಲನ್ನು ಹಿಡಿದುಕೊಂಡೇ. ಈ ತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಆವೊಯಾಗಿ. ಹೃದಯ ಹೊರದೂಡುವ ರಕ್ತವನ್ನು ಕಿವಿಯ ಮೇಲೆ ಬೆಳಕು ಹಾಯಿಸಿ ಅಳೆಯಲು ಹೊರಟ ಅವರಿಗೆ ನಾಡಿಯ ಮಿಡಿತ ಒಂದು ಅಡ್ಡಿಯಾಗಿತ್ತು. ಆ ಅಡ್ಡಿಯಲ್ಲೇ ಆಮ್ಲಜನಕದ ಸುಳಿವಿದೆಯೆಂದು ಗುರುತಿಸಿದ್ದು ಅವರ ದೊಡ್ಡತನ.

ಮುಂದೆ ಬರುವ ಬಹುತೇಕ ದೋಷಗಳಲ್ಲಿ ಆಗುವುದು ಇಷ್ಟೇ: ಆ ಒಂದೆರಡು ಪಾಲು ಇನ್ನಷ್ಟು ಕುಗ್ಗಿರುತ್ತದೆ, ಅಥವಾ ಬೇರೆ ಏನೋ ಅದರಂತೆಯೇ ಏರಿಳಿಯುತ್ತಿರುತ್ತದೆ.

ಪರದೆ ಹೊತ್ತುವುದೇ ಇಲ್ಲ, ಅಥವಾ ಹೊತ್ತಿ ಆರಿಹೋಗುತ್ತದೆ

ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡನ್ನು ಹೊಸದಾಗಿ ಹಾಕಿ ನೋಡಿ. ಒಂದು ಹೊಸದು, ಒಂದು ಹಳೆಯದು ಬೇಡ. ವರ್ಷಗಟ್ಟಲೆ ಒಳಗೇ ಬಿಟ್ಟ ಸೆಲ್ ಸೋರಿ ತುದಿಯ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕೈಗೆ ತಾಗಿಸಿಕೊಳ್ಳದೆ ಒಣ ಬಟ್ಟೆಯಿಂದ ಒರೆಸಿ, ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಉಜ್ಜಬೇಕು. ಅಷ್ಟಾದರೂ ಹೊತ್ತದಿದ್ದರೆ ಅದನ್ನು ಬಿಚ್ಚಿ ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ, ಹೊಸದನ್ನು ಕೊಳ್ಳುವುದೇ ಮೇಲು. ಬಳಸದ ದಿನಗಳಲ್ಲಿ ಸೆಲ್ ತೆಗೆದಿಡುವುದು ಒಳ್ಳೆಯದು.

ಅಂಕೆ ಬೆಚ್ಚಿಬೀಳಿಸುವಷ್ಟು ಕಡಿಮೆ, ಆದರೆ ಮನುಷ್ಯ ಚೆನ್ನಾಗಿ ಮಾತನಾಡುತ್ತಿದ್ದಾರೆ

ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಪರಿಚಯದ ಹುಡುಗನೊಬ್ಬ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, “ಅಣ್ಣಾ, ಅವ್ವಂಗೆ ಅರವತ್ತಾರು ತೋರಿಸ್ತಾ ಅದೆ, ಏನ್ ಮಾಡದು?” ಎಂದು ಕೇಳಿದ. ಅವ್ವ ಪಕ್ಕದಲ್ಲೇ ಕೂತು, ಸುಮ್ಮನೆ ಗಾಬರಿ ಬೀಳಬೇಡವೆಂದು ಅವನಿಗೆ ಒಂದೇ ಸಮನೆ ಹೇಳುತ್ತಿದ್ದುದು ನನಗೇ ಕೇಳಿಸುತ್ತಿತ್ತು. 66ಕ್ಕೆ ಇಳಿದವರಿಗೆ ಅಷ್ಟು ಉದ್ದದ ಮಾತು ಸಾಮಾನ್ಯವಾಗಿ ಕಷ್ಟ. ವಿಡಿಯೊ ಕರೆ ಮಾಡಿಸಿ ನೋಡಿದರೆ ಹುಡುಗ ತಾಯಿಯ ಎದುರಿಗೆ ಕುಳಿತು ಪರದೆಯನ್ನು ತಲೆಕೆಳಗಾಗಿ ಓದುತ್ತಿದ್ದ. ಅಲ್ಲಿ ಇದ್ದದ್ದು 99. ಕೆಳಗಿನ ನಾಡಿಯ ಅಂಕೆ 88 ಆಗಿತ್ತು. ಅದು ತಲೆಕೆಳಗಾದರೂ 88 ಆಗಿಯೇ ಕಾಣುವುದರಿಂದ ಅವನಿಗೆ ಅನುಮಾನ ಬರುವುದಕ್ಕೆ ದಾರಿಯೇ ಇರಲಿಲ್ಲ.

ಇದು ಅಪರೂಪದ ತಪ್ಪೇನಲ್ಲ. ಗೀಟುಗಳಿಂದ ಅಂಕೆ ಮೂಡಿಸುವ ಪರದೆಯಲ್ಲಿ 98 ತಲೆಕೆಳಗಾದರೆ 86, 95 ತಲೆಕೆಳಗಾದರೆ 56. ಆದ್ದರಿಂದ ಮೊದಲು ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳು ನೆಟ್ಟಗಿವೆಯೇ ನೋಡಿ. ಗುಂಡಿ ಒತ್ತಿದಾಗ ಅಂಕೆಯ ದಿಕ್ಕು ಬದಲಾಗುವ ಮಾದರಿಗಳೂ ಇವೆ, ಅವುಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಆಮ್ಲಜನಕ ಯಾವುದು, ನಾಡಿ ಯಾವುದು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನಾಡಿ 72 ಇರುವುದನ್ನು ಆಮ್ಲಜನಕ 72 ಎಂದು ಓದಿಕೊಂಡು ಬಾಡಿಗೆ ಕಾರು ಹತ್ತಿದವರಿದ್ದಾರೆ.

ಓದಿದ್ದು ಸರಿಯಿದ್ದರೆ ಬೆರಳನ್ನು ನೋಡಿ. ತೋರುಬೆರಳು ಅಥವಾ ನಡುಬೆರಳು ಒಳಗಿನ ತಡೆಗೆ ತಾಗುವವರೆಗೆ ಹೋಗಿರಬೇಕು, ಉಗುರು ಪರದೆಯ ಕಡೆಗಿರಬೇಕು. ಬೆರಳು ಅರ್ಧಕ್ಕೇ ನಿಂತರೆ ದೀಪದ ಒಂದಷ್ಟು ಬೆಳಕು ಬೆರಳನ್ನು ಹಾಯದೆ ಪಕ್ಕದಿಂದಲೇ ಸೆನ್ಸರನ್ನು ಮುಟ್ಟುತ್ತದೆ. ಹಾಗೆ ಬಂದ ಬೆಳಕಿನಲ್ಲಿ ರಕ್ತದ ಸುದ್ದಿ ಇರುವುದಿಲ್ಲ, ಅಂಕೆ ಕೆಳಗಿಳಿದಂತೆ ಕಾಣುತ್ತದೆ. ಉಗುರು ಉದ್ದವಾಗಿದ್ದರೂ ಇದೇ ಫಲ. ಬೆರಳು ಹಾಕಿದೊಡನೆ ಮೂಡುವ ಮೊದಲ ಅಂಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು; ಕನಿಷ್ಠ 30 ಸೆಕೆಂಡು, ಸಾಧ್ಯವಾದರೆ ಒಂದು ನಿಮಿಷ ಕಾದು, ಅಲುಗದೆ ನಿಂತ ಅಂಕೆಯನ್ನು ಬರೆದುಕೊಳ್ಳಬೇಕು.

ಆಮೇಲೆ ಬಣ್ಣದ ವಿಚಾರ. ಕಪ್ಪು, ನೀಲಿ, ಹಸಿರು ನೇಲ್ ಪಾಲಿಶ್ ಕೆಂಪು ಬೆಳಕನ್ನು ಹೀರಿ ಅಂಕೆಯನ್ನು ಸ್ವಲ್ಪ ಇಳಿಸಬಲ್ಲದು. ಮದುವೆ ಮನೆಯಿಂದ ಬಂದವರ ಬೆರಳ ತುದಿಯ ದಟ್ಟ ಮೆಹಂದಿ, ಅದರಲ್ಲೂ ಕಪ್ಪು ಮೆಹಂದಿ, ಸಂಕೇತವನ್ನೇ ಕ್ಷೀಣಗೊಳಿಸಿ ಅಂಕೆ ಬರದಂತೆ ಮಾಡಬಹುದು. ಪಾಲಿಶನ್ನು ಒರೆಸಿ ತೆಗೆಯಬಹುದು. ಗೋರಂಟಿ ಹೋಗುವುದಕ್ಕೆ ವಾರಗಳೇ ಬೇಕು. ಬಣ್ಣವಿಲ್ಲದ ಬೆರಳೊಂದನ್ನು ಹುಡುಕಿಕೊಳ್ಳಿ, ಕಾಲಿನ ಹೆಬ್ಬೆರಳೂ ಆಗಬಹುದು. ಅಡುಗೆ ಮಾಡಿ ಬಂದ ಕೈಯಲ್ಲಿ ಅರಿಸಿನದ ಕಲೆಯೋ ಎಣ್ಣೆಯ ಜಿಡ್ಡೋ ಇದ್ದರೆ ಸೋಪಿನಿಂದ ತೊಳೆದು ಒರೆಸಿದರೆ ಸಾಕು. ಬೆರಳಿನ ಬಣ್ಣ ಎಷ್ಟು ತಪ್ಪು ಮಾಡೀತೆಂದು ಊಹಿಸಿಕೊಂಡು ಅಂಕೆಗೆ ಎರಡೋ ಮೂರೋ ಸೇರಿಸಿ ಸಮಾಧಾನಪಡಬೇಡಿ, ಬೇರೆ ಬೆರಳಿನಲ್ಲಿ ಮತ್ತೆ ಅಳೆಯಿರಿ. ಮೂರು ಬೆರಳಿನಲ್ಲೂ ಅಂಕೆ ಕೆಳಗೇ ಇದ್ದರೆ ಮನುಷ್ಯ ಎಷ್ಟೇ ಚೆನ್ನಾಗಿ ಕಂಡರೂ ವೈದ್ಯರ ಬಳಿ ಹೋಗಬೇಕು. ಆಮ್ಲಜನಕ ಇಳಿದಿದ್ದರೂ ಏದುಸಿರಿಲ್ಲದೆ ಕುಳಿತಿದ್ದವರನ್ನು ಕೊರೊನಾ ಕಾಲದಲ್ಲಿ ಎಲ್ಲ ಕಡೆಯೂ ಕಂಡಿದ್ದೇವೆ.

ಅಡ್ಡ ಗೀಟು ಮಾತ್ರ ಬರುತ್ತದೆ, ಅಂಕೆ ಬರುವುದಿಲ್ಲ

ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಈ ದೂರು ಹೆಚ್ಚು. ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿಕೊಂಡಾಗ ಮೊದಲೇ ಅಷ್ಟಿಷ್ಟಿದ್ದ ಮಿಡಿತದ ಪಾಲು ಯಂತ್ರದ ಕೈಗೆ ಸಿಗದಷ್ಟಾಗುತ್ತದೆ. ಕೈಗಳನ್ನು ಉಜ್ಜಿ, ಉಗುರು ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ಇಟ್ಟು, ಚೆನ್ನಾಗಿ ಒರೆಸಿ, ಕೈಯನ್ನು ಎದೆಯ ಮಟ್ಟದಲ್ಲಿ ಇಟ್ಟುಕೊಂಡು ಮತ್ತೆ ಅಳೆಯಿರಿ. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದವರಿಗೆ ನೀರು ಎಷ್ಟು ಬಿಸಿಯಿದೆಯೆಂದು ತಿಳಿಯುವುದಿಲ್ಲ, ಬೇರೆಯವರು ಮುಟ್ಟಿ ನೋಡಿಯೇ ಕೊಡಬೇಕು. ಕೆಂಡದ ಮುಂದೆ ಅಥವಾ ಬಿಸಿನೀರಿನ ಚೀಲದ ಮೇಲೆ ಕೈಯಿಟ್ಟು ಕಾಯಿಸಬಾರದು.

ಎರಡನೆಯ ಕಾರಣ ಚರ್ಮದ ದಪ್ಪ. ಪಾಂಡವಪುರದ ಹತ್ತಿರ ಆಲೆಮನೆಯಲ್ಲಿ ದುಡಿಯುವ ಹಿರಿಯರೊಬ್ಬರ ಬಲಗೈಯ ಯಾವ ಬೆರಳಿಗೂ ಅಂಕೆ ಬರುತ್ತಿರಲಿಲ್ಲ. ಅವರ ಬೆರಳ ತುದಿಯನ್ನು ಒತ್ತಿದರೆ ಮರದ ತುಂಡನ್ನು ಒತ್ತಿದಂತಿತ್ತು. ದಶಕಗಳ ಕಾಲ ಕಬ್ಬು, ಕುಡುಗೋಲು ಮತ್ತು ಬಿಸಿ ಬೆಲ್ಲ ಸೇರಿ ಜಡ್ಡುಗಟ್ಟಿಸಿದ ಚರ್ಮ. ಆ ಸತ್ತ ಪದರದಲ್ಲಿ ಬೆಳಕು ಚದುರಿ ಚದುರಿ, ಸೆನ್ಸರ್ ತಲುಪುವುದು ಅಲ್ಪಸ್ವಲ್ಪವೇ. ಎಡಗೈಯ ಉಂಗುರದ ಬೆರಳು ಅಷ್ಟು ಗಟ್ಟಿಯಾಗಿರಲಿಲ್ಲ. ಅದನ್ನು ಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿ ಹಾಕಿದ ಮೇಲೆ 97 ಬಂದು ನಿಂತಿತು. ಕೆಲಸದ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಅಳೆಯುವುದನ್ನು ಹೊಲ, ಗದ್ದೆ, ಗಾರೆ ಕೆಲಸದವರೆಲ್ಲ ರೂಢಿ ಮಾಡಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಮಿಡಿತದ ಬಲವನ್ನು ಬೇರೆ ಅಂಕೆಯಾಗಿಯೇ ತೋರಿಸುವ ಯಂತ್ರಗಳಿವೆ. ಆ ಅಂಕೆ 1ಕ್ಕಿಂತ ತೀರಾ ಕೆಳಗಿದ್ದರೆ ಆಮ್ಲಜನಕದ ಅಂಕೆಯನ್ನು ಸುಲಭವಾಗಿ ನಂಬಬಾರದು. ಅದೇ ತೋಳಿಗೆ ಬಿಪಿ ಪಟ್ಟಿ ಕಟ್ಟಿದ್ದರೆ ಅದು ಬಿಗಿದಾಗಲೆಲ್ಲ ರಕ್ತ ನಿಂತು ಅಂಕೆ ಮಾಯವಾಗುತ್ತದೆ, ಕೈ ಬದಲಿಸಿ. ಮೈ ಬೆಚ್ಚಗಿದ್ದೂ ಎರಡು ಕೈಗಳು ತಣ್ಣಗೆ, ಬೆವರಿ, ನಾಡಿ ಸಿಗದಂತಾಗಿದ್ದರೆ ಅದು ಯಂತ್ರದ ದೋಷವಲ್ಲ, ರಕ್ತದೊತ್ತಡ ಕುಸಿದ ಲಕ್ಷಣವಿರಬಹುದು. ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಎಳೆಗೂಸುಗಳ ಬೆರಳಿಗೆ ದೊಡ್ಡವರ ಕ್ಲಿಪ್ ಹೊಂದುವುದಿಲ್ಲ. ಆಸ್ಪತ್ರೆಯಲ್ಲಿ ಅವಕ್ಕೆ ಪಾದಕ್ಕೆ ಸುತ್ತುವ ಬೇರೆ ಸೆನ್ಸರ್ ಬಳಸುತ್ತಾರೆ. ಮನೆಯ ಯಂತ್ರದಿಂದ ಮಗುವಿನ ಆಮ್ಲಜನಕ ತಿಳಿಯಲು ಹೋಗದೆ, ಮಗು ಹಾಲು ಕುಡಿಯುತ್ತಿದೆಯೇ, ಉಸಿರು ವೇಗವಾಗಿದೆಯೇ ಎಂದು ನೋಡಿ ವೈದ್ಯರಿಗೆ ತಿಳಿಸಿ.

ಅಂಕೆ ಒಂದು ಕಡೆ ನಿಲ್ಲದೆ ಕುಣಿಯುತ್ತದೆ

ಕೈ ನಡುಗಿದರೆ ಬೆರಳಿನ ರಕ್ತವೂ ಅಲುಗುತ್ತದೆ, ಯಂತ್ರ ಆ ಅಲುಗಾಟವನ್ನೂ ನಾಡಿಯೆಂದೇ ಎಣಿಸುತ್ತದೆ. ಕೈಯನ್ನು ಮೇಜಿನ ಮೇಲೋ ದಿಂಬಿನ ಮೇಲೋ ಒರಗಿಸಿಟ್ಟು ಮಾತು ನಿಲ್ಲಿಸಿ ಅಳೆಯಬೇಕು.

ಕಿಟಕಿಯ ಪಕ್ಕ, ಜಗಲಿಯ ಮೇಲೆ, ಬಿಸಿಲಿನಲ್ಲಿ ಅಳೆಯುವುದು ಇನ್ನೊಂದು ಕಾರಣ. ಯಂತ್ರದ ಎರಡು ದೀಪಗಳು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಮಿನುಗುತ್ತವೆ. ನಡುವೆ ಎರಡೂ ಆರಿದ ಗಳಿಗೆಯಲ್ಲಿ ಹೊರಗಿನ ಬೆಳಕನ್ನು ಅಳೆದು ಯಂತ್ರ ಅದನ್ನು ಕಳೆಯುತ್ತದೆ. ಆದರೆ ನೇರ ಬಿಸಿಲು ಸೆನ್ಸರನ್ನು ತುಂಬಿಬಿಟ್ಟರೆ ಕಳೆದ ಮೇಲೆ ಉಳಿಯುವುದೇನೂ ಇರುವುದಿಲ್ಲ. ಬೆರಳ ಮೇಲೆ ದಪ್ಪ ಟವೆಲ್ ಹೊದಿಸಿ ನೋಡಿ. ಅದರಿಂದ ಅಂಕೆ ನಿಂತರೆ ದೋಷ ಹೊರಗಿನ ಬೆಳಕಿನದು.

ಇಷ್ಟಾದರೂ ನಾಡಿಯ ಅಂಕೆ 60, 110, 75 ಎಂದು ಹಾರಾಡುತ್ತಿದ್ದರೆ ಮಣಿಕಟ್ಟಿನ ನಾಡಿಯನ್ನು ಗಡಿಯಾರ ಹಿಡಿದು ಪೂರ್ತಿ 60 ಸೆಕೆಂಡು ಎಣಿಸಿ. ಮಿಡಿತ ಸಮವಾಗಿದ್ದು ಎಣಿಕೆ ಬೇರೆ ಬಂದರೆ ಯಂತ್ರದ ಅಂಕೆ ತಪ್ಪು. ನಾಡಿಯನ್ನೇ ಸರಿಯಾಗಿ ಹಿಡಿಯಲಾಗದ ಯಂತ್ರ ಹೇಳುವ ಆಮ್ಲಜನಕವನ್ನೂ ಕೈಬಿಡಬೇಕು. ಮಿಡಿತವೇ ಲಯ ತಪ್ಪಿ, ಒಂದು ಬೇಗ, ಒಂದು ತಡವಾಗಿ ಬರುತ್ತಿದ್ದರೆ ಯಂತ್ರ ನಿಜವನ್ನೇ ಹೇಳುತ್ತಿದೆ. ಅಂಥವರಿಗೆ ಇಸಿಜಿ ಮಾಡಿಸಬೇಕು.

ಅಂಕೆ ಚೆನ್ನಾಗಿದೆ, ಮನುಷ್ಯ ಚೆನ್ನಾಗಿಲ್ಲ

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ ಸ್ಥಿತಿ ಇದು, ಏಕೆಂದರೆ ಯಂತ್ರದ ಧೈರ್ಯದ ಮಾತು ಕೇಳಿ ಮನೆಯವರು ಸುಮ್ಮನಾಗುತ್ತಾರೆ.

ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದಿದ್ದಾರೆ. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದು, ಒಳಗಿದ್ದವರಿಗೆ ತಲೆನೋವು, ವಾಂತಿ, ಮಂಪರು ಶುರುವಾಗಿದೆ. ಬೆರಳಿಗೆ ಯಂತ್ರ ಹಾಕಿದರೆ 99. ಅರೆಬರೆ ಉರಿದ ಬೆಂಕಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಹಿಮೊಗ್ಲೋಬಿನ್ನನ್ನು ಹಿಡಿದುಕೊಂಡಾಗ, ಆ ಜೋಡಿ 660 ನ್ಯಾನೊಮೀಟರ್‌ನ ಕೆಂಪು ಬೆಳಕಿನಲ್ಲಿ ಆಮ್ಲಜನಕ ಹೊತ್ತ ರಕ್ತದಂತೆಯೇ ವರ್ತಿಸುತ್ತದೆ. ಎರಡೇ ಬಣ್ಣದ ಬೆಳಕಿನಿಂದ ನೋಡುವ ಮನೆಯ ಯಂತ್ರಕ್ಕೆ ಇವೆರಡರ ವ್ಯತ್ಯಾಸ ಹಿಡಿಯುವ ಶಕ್ತಿಯೇ ಇಲ್ಲ. ಇಲ್ಲಿ ಮಾಡಬೇಕಾದದ್ದು ಒಂದೇ: ಬಾಗಿಲು ಕಿಟಕಿ ತೆರೆದು, ಒಳಗಿದ್ದವರನ್ನು ಹೊರಗಿನ ಗಾಳಿಗೆ ತಂದು, ಗ್ಯಾಸ್ ಮುಚ್ಚಿ, 108ಕ್ಕೆ ಕರೆ ಮಾಡಿ, ವೈದ್ಯರಿಗೆ ‘ಗೀಸರ್ ಉರಿಯುತ್ತಿತ್ತು’ ಅಥವಾ ‘ಕೋಣೆಯಲ್ಲಿ ಕೆಂಡವಿತ್ತು’ ಎಂದು ಬಾಯಿಬಿಟ್ಟು ಹೇಳುವುದು. ಆ ಒಂದು ಮಾತಿನಿಂದ ಅವರು ಸರಿಯಾದ ರಕ್ತಪರೀಕ್ಷೆ ಮಾಡಿಸಿ ತಕ್ಷಣ ಆಮ್ಲಜನಕ ಕೊಡುತ್ತಾರೆ.

ರಕ್ತಹೀನತೆ ಎರಡನೆಯದು. ಯಂತ್ರ ಹೇಳುವುದು ಇರುವ ಹಿಮೊಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂದೇ ಹೊರತು ಹಿಮೊಗ್ಲೋಬಿನ್ ಎಷ್ಟಿದೆ ಎಂದಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಕಬ್ಬಿನ ಗಾಡಿಗಳನ್ನು ನೆನೆಯಿರಿ: ಪ್ರತಿ ಗಾಡಿಯೂ ತುಂಬಿದ್ದರೂ ಬಂದ ಗಾಡಿಗಳೇ ಅರ್ಧಕ್ಕಿಳಿದಿದ್ದರೆ ಅರೆಯಲು ಸಿಗುವ ಕಬ್ಬೂ ಅರ್ಧವೇ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣ ರೆಪ್ಪೆಯ ಒಳಭಾಗ ಬಿಳಿಚಿದ್ದು, ಅಂಕೆ ಮಾತ್ರ 98 ಇದ್ದರೆ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಮೈಬಣ್ಣ. ಸಿದ್ಧಾಂತದಂತೆ ಮೆಲನಿನ್ ಸ್ಥಿರವಾಗಿ ಹೀರುವ ವಸ್ತುವಾದ್ದರಿಂದ ನಾಡಿಯ ಏರಿಳಿತದ ಲೆಕ್ಕದಲ್ಲಿ ಅದು ಕಳೆದುಹೋಗಬೇಕು. ವಾಸ್ತವದಲ್ಲಿ ದೀಪದ ಬೆಳಕು ಒಂದೇ ಅಲೆಯುದ್ದದ್ದಲ್ಲ, ಚದುರುವ ಬೆಳಕು ಹಿಡಿಯುವ ದಾರಿಯೂ ಒಂದೇ ಅಲ್ಲ. ಮೆಲನಿನ್ ಅವಕೆಂಪಿಗಿಂತ ಕೆಂಪನ್ನು ಹೆಚ್ಚು ಹೀರುವುದರಿಂದ ಲೆಕ್ಕ ಸ್ವಲ್ಪ ವಾಲುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸಿದರೂ ಅಪಧಮನಿಯ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕೆಳಗೆ ಇದ್ದ ಪ್ರಸಂಗಗಳು ಕಪ್ಪು ಜನಾಂಗದ ರೋಗಿಗಳಲ್ಲಿ ಶೇ 11.7 ಮತ್ತು ಬಿಳಿಯರಲ್ಲಿ ಶೇ 3.6 ಇದ್ದವು. ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಣ ಸಂಸ್ಥೆ 2021ರ ಫೆಬ್ರುವರಿಯಲ್ಲಿ ಈ ಮಿತಿಯ ಕುರಿತು ಎಚ್ಚರಿಕೆ ಹೊರಡಿಸಿತು. ಆ ಅಂಕೆಗಳನ್ನು ಹಾಗೆಯೇ ತಂದು ನಮ್ಮವರಿಗೆ ಅಂಟಿಸಲಾಗದು, ಆದರೆ ಬೆಳಕಿನ ನಿಯಮ ಎಲ್ಲರ ಚರ್ಮಕ್ಕೂ ಒಂದೇ. ಮೈಬಣ್ಣ ಕಪ್ಪಾದಷ್ಟೂ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ, ಅದೂ ಆಮ್ಲಜನಕ ಇಳಿಯುತ್ತಿರುವಾಗಲೇ ಹೆಚ್ಚು. ಆದ್ದರಿಂದ ಒಂದು ಅಂಕೆಗಿಂತ ಅದರ ನಡಿಗೆಯನ್ನು ನಂಬಬೇಕು. ಆರೋಗ್ಯವಾಗಿರುವ ದಿನ ಮನೆಯ ಪ್ರತಿಯೊಬ್ಬರ ಅಂಕೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಯಾವಾಗಲೂ 98 ಇರುವವರು ಜ್ವರದಲ್ಲಿ 94ಕ್ಕೆ ಬಂದರೆ ಆ ನಾಲ್ಕು ಅಂಕೆಯ ಇಳಿತವೇ ಸುದ್ದಿ. ಖಚಿತವಾಗಿ ತೀರ್ಮಾನಿಸುವುದು ಅಪಧಮನಿಯ ರಕ್ತದ ಪರೀಕ್ಷೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗುವುದು ಅಂಥ ತೀರ್ಮಾನಕ್ಕಾಗಿ.

ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸನ್‌ಟ್ರೇಟರ್ ಇರುವವರಿಗೆ ಇನ್ನೊಂದು ಮಾತು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದನ್ನು ಈ ಯಂತ್ರ ತೋರಿಸುವುದಿಲ್ಲ. ಅಂಕೆ ಹೆಚ್ಚಲೆಂದು ವೈದ್ಯರನ್ನು ಕೇಳದೆ ಆಮ್ಲಜನಕ ಏರಿಸಿದರೆ ಹಳೆಯ ಶ್ವಾಸಕೋಶದ ರೋಗಿ 99 ತೋರಿಸುತ್ತಲೇ ಮಂಪರಿಗೆ ಜಾರಬಹುದು.

ಯಾವ ಬೆರಳಿಗೆ ಹಾಕಿದರೂ 85ರ ಆಸುಪಾಸಿನಲ್ಲೇ ನಿಲ್ಲುತ್ತದೆ

ಆಮ್ಲಜನಕ ಕೊಟ್ಟರೂ ಮೇಲೇರದೆ 85ರ ಹತ್ತಿರ ಅಂಟಿಕೊಂಡರೆ ಹಿಮೊಗ್ಲೋಬಿನ್ ರೂಪವೇ ಬದಲಾಗಿ ಮೆಥಿಮೊಗ್ಲೋಬಿನ್ ಆಗಿರುವ ಅನುಮಾನ ಪಡಬೇಕು. ಅದು ಎರಡೂ ಬೆಳಕನ್ನು ಹೆಚ್ಚುಕಡಿಮೆ ಸಮನಾಗಿ ಹೀರುವುದರಿಂದ ಯಂತ್ರದ ಲೆಕ್ಕ ಅಲ್ಲಿಗೆ ಬಂದು ನಿಲ್ಲುತ್ತದೆ. ಕುಷ್ಠಕ್ಕೂ ಕೆಲವು ಚರ್ಮರೋಗಗಳಿಗೂ ಕೊಡುವ ಡ್ಯಾಪ್ಸೋನ್ ಮಾತ್ರೆಯಿಂದ ಹೀಗಾಗಬಹುದು, ಕೆಲವು ರಾಸಾಯನಿಕ ವಿಷಗಳಿಂದಲೂ ಆಗಬಹುದು. ಸೂಜಿ ಚುಚ್ಚಿದಾಗ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿರುವುದು ಇದರ ಗುರುತು. ಇದರ ಪತ್ತೆ ಮತ್ತು ಚಿಕಿತ್ಸೆ ಎರಡೂ ಆಸ್ಪತ್ರೆಯ ಕೆಲಸ. ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಹೊಲಕ್ಕೆ ಹೊಡೆದ ಔಷಧಿಯ ಡಬ್ಬಿ ಎರಡನ್ನೂ ಒಯ್ಯಿರಿ.

ಎರಡು ಯಂತ್ರ, ಎರಡು ಅಂಕೆ

ಒಂದು 96, ಇನ್ನೊಂದು 98 ತೋರಿಸಿದರೆ ಯಾವುದೂ ಕೆಟ್ಟಿಲ್ಲ. ಒಳ್ಳೆಯ ಯಂತ್ರದಲ್ಲೂ ಎರಡು ಮೂರು ಅಂಕೆಯ ಆಚೀಚೆ ಸಹಜ. ಇವುಗಳನ್ನು ಆರೋಗ್ಯವಂತ ಸ್ವಯಂಸೇವಕರ ಮೇಲೆ ಸುಮಾರು 70ರವರೆಗೆ ಮಾತ್ರ ಹೊಂದಿಸಿರುತ್ತಾರೆ; ಅದಕ್ಕಿಂತ ಕೆಳಗಿನ ಅಂಕೆ ಬರಿಯ ಅಂದಾಜು. ಕೈಗಡಿಯಾರದ ಆಕ್ಸಿಮೀಟರ್ ಬೆಳಕನ್ನು ಚರ್ಮದಿಂದ ಹಿಂದಿರುಗಿಸಿಕೊಂಡು ಅಳೆಯುವುದರಿಂದ ಮಣಿಕಟ್ಟಿನ ಕೂದಲು, ಹಚ್ಚೆ, ಸಡಿಲ ಪಟ್ಟಿ ಎಲ್ಲವೂ ಅದಕ್ಕೆ ಅಡ್ಡಿ. ಕಾಯಿಲೆ ಬಿದ್ದಾಗ ಅದನ್ನು ಆಧಾರವಾಗಿಟ್ಟುಕೊಳ್ಳಬಾರದು. ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಆಮ್ಲಜನಕ ಹೇಳುತ್ತೇವೆನ್ನುವ ಆಪ್‌ಗಳನ್ನು ಬಳಸಲೇಬೇಡಿ.

ಬೆರಳಿನಲ್ಲಿ ದೋಷವಿಲ್ಲವೆಂದು ಖಚಿತವಾದ ಮೇಲೆ ಯಂತ್ರದ ಪರೀಕ್ಷೆ

ಸೆಲ್ ತೆಗೆದು, ಎರಡು ದವಡೆಗಳ ಒಳಗಿನ ಗಾಜಿನಂಥ ಕಿಂಡಿಗಳನ್ನು ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಮೃದುವಾಗಿ ಒರೆಸಿ. ಸ್ಯಾನಿಟೈಸರ್ ಜೆಲ್ ಒಣಗಿ ಕಟ್ಟಿದ ಮಬ್ಬು ಪದರ ಬಿಡುವುದಕ್ಕೆ ಎರಡು ಮೂರು ಬಾರಿ ಒರೆಸಬೇಕಾಗಬಹುದು. ಯಂತ್ರವನ್ನು ನೀರಿಗೋ ಸ್ಪಿರಿಟಿಗೋ ಅದ್ದಬಾರದು.

ಬಳಿಕ ದೀಪ ನೋಡಿ. ಕೆಂಪು ದೀಪ ಕಣ್ಣಿಗೇ ಕಾಣುತ್ತದೆ. ಅವಕೆಂಪನ್ನು ನೋಡಲು ಮೊಬೈಲಿನ ಮುಂಬದಿಯ ಕ್ಯಾಮೆರಾ ನೆರವಾಗಬಹುದು. ಮೊದಲು ಟಿವಿ ರಿಮೋಟಿನ ತುದಿಯನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಚುಕ್ಕೆ ಮಿನುಗಿದರೆ ಆ ಕ್ಯಾಮೆರಾ ಅವಕೆಂಪನ್ನು ಕಾಣಬಲ್ಲದು. ಅದೇ ಕ್ಯಾಮೆರಾವನ್ನು ಕತ್ತಲಲ್ಲಿ ಆಕ್ಸಿಮೀಟರ್‌ನ ತೆರೆದ ದವಡೆಗೆ ಹಿಡಿದರೆ ಕೆಂಪಿನ ಪಕ್ಕದಲ್ಲಿ ಮಸುಕಾದ ಇನ್ನೊಂದು ಮಿನುಗು ಕಾಣಬೇಕು. ಕಂಡರೆ ದೀಪ ಜೀವಂತ. ಕಾಣದಿದ್ದರೆ ಅಷ್ಟರಿಂದಲೇ ಕೆಟ್ಟಿದೆ ಎನ್ನಲಾಗದು, ಬೆಳಕು ಕ್ಷೀಣವಾದ್ದರಿಂದ ಕ್ಯಾಮೆರಾಗೆ ಸಿಕ್ಕದಿರಬಹುದು.

ಪೆನ್ಸಿಲ್ ಸಿಕ್ಕಿಸಿದರೂ ಅಂಕೆ ತೋರಿಸುವ ಯಂತ್ರ ನಕಲಿ ಎಂಬ ನಂಬಿಕೆ ಊರೆಲ್ಲ ಹರಡಿದೆ. ಕೈಯಲ್ಲಿ ಹಿಡಿದ ಪೆನ್ಸಿಲ್ ಸಣ್ಣಗೆ ನಡುಗಿದರೂ ಬೆಳಕು ಏರಿಳಿಯುತ್ತದೆ, ಒಳ್ಳೆಯ ಯಂತ್ರವೂ ಕೆಲವೊಮ್ಮೆ ಅದನ್ನು ನಾಡಿಯೆಂದು ಎಣಿಸೀತು. ಮೇಜಿನ ಮೇಲೆ ಅಲುಗದೆ ಇಟ್ಟಾಗಲೂ 98, 75 ಎಂದು ಒಂದೇ ಅಂಕೆ ಹೇಳುತ್ತಿದ್ದರೆ ಅದನ್ನು ಎಸೆಯಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ: ಹತ್ತಿರದ ಆಸ್ಪತ್ರೆಗೋ ಕ್ಲಿನಿಕ್ಕಿಗೋ ಹೋದಾಗ ನರ್ಸ್ ಅವರನ್ನು ಕೇಳಿಕೊಂಡು, ಒಂದು ಬೆರಳಿಗೆ ಅವರದು, ಪಕ್ಕದ ಬೆರಳಿಗೆ ನಿಮ್ಮದು ಹಾಕಿ ಒಂದು ನಿಮಿಷ ನೋಡಿ. ಎರಡೂ ನಾಡಿ ಒಂದೇ ಇದ್ದು, ಆಮ್ಲಜನಕ ಎರಡು ಮೂರು ಅಂಕೆಯೊಳಗೆ ಹೊಂದಿದರೆ ಯಂತ್ರ ಸರಿಯಿದೆ. ಉಸಿರು ಬಿಗಿಹಿಡಿದು ಅಂಕೆ ಇಳಿಯುತ್ತದೆಯೇ ನೋಡುವ ಪರೀಕ್ಷೆಯನ್ನು ಹೃದಯ, ಶ್ವಾಸಕೋಶದ ಕಾಯಿಲೆಯವರೂ ವಯಸ್ಸಾದವರೂ ಗರ್ಭಿಣಿಯರೂ ಮಾಡಲೇಬಾರದು.

ಹಾಸಿಗೆ ಹಿಡಿದವರಿಗೆ ಯಂತ್ರವನ್ನು ದಿನವಿಡೀ ಹಾಕಿಡುವುದಾದರೆ ಕೆಲವು ಗಂಟೆಗೊಮ್ಮೆ ಬೆರಳು ಬದಲಿಸಿ, ಕ್ಲಿಪ್ ಒತ್ತಿದ ಜಾಗ ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ ನೋಡಿ. ವೈದ್ಯರ ಬಳಿ ಹೋಗುವಾಗ ಯಂತ್ರವನ್ನೂ ಜೊತೆಗೊಯ್ಯಿರಿ, ಮತ್ತು ಒಂದು ಚೀಟಿಯಲ್ಲಿ ಗಂಟೆ, ಆಮ್ಲಜನಕದ ಅಂಕೆ, ನಾಡಿ, ಯಾವ ಬೆರಳು, ಆಗ ರೋಗಿ ಮಲಗಿದ್ದರೋ ನಡೆದು ಬಂದಿದ್ದರೋ ಎಂಬುದನ್ನು ಬರೆದುಕೊಂಡು ಹೋಗಿ.